ಮೊಲ ಸತ್ತ ಮನೆಯಲ್ಲಿ ಮೊದಲ ದಿನ

(ಮೊಲ ಸಾಕುವವರ ಕೂಟವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಎದ್ದು ಗೂಡಿನ ಹತ್ತಿರ ಹೋಗುತ್ತೀರಿ. ಮೂರು ಮೊಲಗಳಲ್ಲಿ ಒಂದು ಅಡ್ಡ ಬಿದ್ದಿದೆ. ಮೈ ತಣ್ಣಗಾಗಿದೆ. ರಾತ್ರಿ ಹುಲ್ಲು ತಿಂದಿತ್ತು, ನಿಮ್ಮ ಕೈ ನೆಕ್ಕಿತ್ತು. ಮೈಮೇಲೆ ಗಾಯ ಇಲ್ಲ. ಮೂಗಿನ ತುದಿಯಲ್ಲಿ ಒಂದು ಹನಿ ರಕ್ತ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಈಗ ನಿಮ್ಮ ಕೈ ಏನು ಮಾಡುತ್ತದೆ?

ಸತ್ತದ್ದನ್ನು ಎತ್ತಿ ಪಕ್ಕಕ್ಕೆ ಇಡುತ್ತದೆ. ಅದೇ ಕೈ ಉಳಿದ ಎರಡನ್ನು ಎತ್ತಿಕೊಳ್ಳುತ್ತದೆ. ಇವುಗಳಾದರೂ ಉಳಿಯಲಿ ಅಂತ ಬುಟ್ಟಿಗೆ ಹಾಕಿ ಗೆಳೆಯರ ಮನೆಗೋ ಅಕ್ಕನ ಮನೆಗೋ ಸಾಗಿಸುತ್ತೇವೆ. ಆ ಮನೆಯಲ್ಲೂ ಮೊಲ ಇದ್ದರೆ, ನಾಲ್ಕೈದು ದಿನ ಬಿಟ್ಟು ಅಲ್ಲಿಂದ ಫೋನು ಬರುತ್ತದೆ. ಇವತ್ತಿನ ನನ್ನ ಮಾತೆಲ್ಲ ಆ ಬುಟ್ಟಿಯ ಬಗ್ಗೆ. ಬುಟ್ಟಿ ಕೆಳಗಿಡಿ ಅಂತ ಹೇಳೋದಕ್ಕೇ ಬಂದಿದ್ದೇನೆ.

ಕಾಯಿಲೆಯ ಹೆಸರು ಮೊಲಗಳ ರಕ್ತಸ್ರಾವ ರೋಗ. ಎಲ್ಲರೂ ಆರ್‌ಎಚ್‌ಡಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. 1984ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ ಮೊದಲು ಗೊತ್ತಾಯಿತು. ಜರ್ಮನಿಯಿಂದ ತರಿಸಿದ್ದ ಅಂಗೋರಾ ಮೊಲಗಳಲ್ಲಿ. ಉಣ್ಣೆಗಾಗಿ ಸಾಕುವ, ಮುದ್ದೆ ಮುದ್ದೆ ಕೂದಲಿನ ಮೊಲಗಳು ಅವು. ಎರಡೇ ವರ್ಷಕ್ಕೆ, 1986ರಲ್ಲಿ, ಇಟಲಿಯಲ್ಲಿ ಕಾಣಿಸಿತು. ಆ ದಶಕ ಮುಗಿಯುವ ಹೊತ್ತಿಗೆ ಯುರೋಪಿನ ಬಹುಪಾಲು ಸುತ್ತಿತ್ತು. ಮೊಲಕ್ಕೆ ಅಷ್ಟು ದೂರ ಓಡುವ ಕಾಲಿಲ್ಲ. ಕರೆದುಕೊಂಡು ಹೋದವರು ನಾವು.

ವೈರಸ್ಸು ಹೋಗಿ ಕೂರುವುದು ಲಿವರಿನಲ್ಲಿ. ಲಿವರಿನ ಕೋಶಗಳು ಗಂಟೆಗಳ ಲೆಕ್ಕದಲ್ಲಿ ಸಾಯುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಗ್ರಿ ಹೆಚ್ಚಾಗಿ ತಯಾರಾಗುವುದು ಅಲ್ಲೇ. ಹಾಗಾಗಿ ಎರಡು ಕಡೆಯಿಂದ ಪೆಟ್ಟು. ಮೈಯೊಳಗಿನ ಸಣ್ಣ ಸಣ್ಣ ರಕ್ತನಾಳಗಳಲ್ಲಿ ಬೇಡದ ಕಡೆಯೆಲ್ಲ ರಕ್ತ ಗರಣೆ ಕಟ್ಟುತ್ತದೆ. ಇದ್ದ ಸಾಮಗ್ರಿ ಅದಕ್ಕೇ ಖರ್ಚಾಗಿ, ಬೇಕಾದ ಕಡೆ ರಕ್ತ ನಿಲ್ಲುವುದೇ ಇಲ್ಲ. ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ 12ರಿಂದ 36 ಗಂಟೆಯೊಳಗೆ ಸಾವು ಬರುವುದು ಸಾಮಾನ್ಯ. ಕೆಲವು ಮೊಲಗಳು ಕೊನೆಗೆ ಒದ್ದಾಡುತ್ತವೆ, ಕತ್ತು ಹಿಂದಕ್ಕೆ ಸೆಟೆಯುತ್ತದೆ, ಕಿರುಚುತ್ತವೆ. ಮೊಲ ಕಿರುಚುವುದನ್ನು ಕೇಳಿದವರು ಆ ಸದ್ದನ್ನು ಮರೆಯುವುದಿಲ್ಲ. ಆದರೆ ಎಷ್ಟೋ ಮೊಲಗಳು ಯಾವ ಲಕ್ಷಣವನ್ನೂ ತೋರಿಸದೆ ಹೋಗಿಬಿಡುತ್ತವೆ. ಮೊದಲೇ ಮೊಲ ತನ್ನ ನೋವನ್ನು ಬಚ್ಚಿಡುವ ಪ್ರಾಣಿ. ಬೇಟೆಗೆ ಸಿಗುವ ಜೀವಗಳೆಲ್ಲ ಹಾಗೇ ಅಲ್ವಾ?

2010ರಲ್ಲಿ ಫ್ರಾನ್ಸಿನಲ್ಲಿ ಇದರ ಇನ್ನೊಂದು ಬಗೆ ಸಿಕ್ಕಿತು. ಅದಕ್ಕೆ ಎರಡನೇ ಬಗೆ ಅನ್ನೋಣ. ಹಳೆಯದು ದೊಡ್ಡ ಮೊಲಗಳನ್ನು ಮಾತ್ರ ಕೊಲ್ಲುತ್ತಿತ್ತು. ತಾಯಿ ಸತ್ತು ಬಿದ್ದಿದ್ದರೂ ಎಳೆ ಮರಿಗಳು ಏನೂ ಆಗದ ಹಾಗೆ ಓಡಾಡಿಕೊಂಡು ಇರುತ್ತಿದ್ದವು. ಹಳಬರು ಇದನ್ನೇ ಗುರುತು ಅಂತ ಹೇಳುತ್ತಿದ್ದರು. ಈಗ ಆ ಗುರುತನ್ನು ನಂಬಬೇಡಿ. ಹೊಸ ಬಗೆ ಮರಿಗಳನ್ನೂ ಬಿಡುವುದಿಲ್ಲ, ಕಾಡಿನ ಹಲವು ಜಾತಿಯ ಮೊಲಗಳನ್ನೂ ಬಿಡುವುದಿಲ್ಲ. ಹಳೆಯದರಲ್ಲಿ ಸೋಂಕು ತಗುಲಿದ ದೊಡ್ಡ ಮೊಲಗಳಲ್ಲಿ ನೂರಕ್ಕೆ 70ರಿಂದ 90, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸಾಯುತ್ತಿದ್ದವು. ಹೊಸದರಲ್ಲಿ ಒಂದು ಕಡೆ ನೂರಕ್ಕೆ 5, ಇನ್ನೊಂದು ಕಡೆ 70, ಹೀಗೆ ಏರುಪೇರು. ಕಡಿಮೆ ಕೊಲ್ಲುತ್ತದಲ್ಲ ಅಂತ ಸಮಾಧಾನ ಪಡಬೇಡಿ. ಸೋಂಕು ತಗುಲಿ ಲಕ್ಷಣ ಕಾಣುವವರೆಗೆ ಹಳೆಯದಕ್ಕೆ 1ರಿಂದ 3 ದಿನ ಸಾಕಿತ್ತು. ಹೊಸದಕ್ಕೆ 3ರಿಂದ 9 ದಿನ ಹಿಡಿಯಬಹುದು. ಮೆಲ್ಲಗೆ ಕೊಲ್ಲುವ ಕಾಯಿಲೆ ದೂರ ಹೋಗುತ್ತದೆ. ಆ ಒಂಬತ್ತು ದಿನದಲ್ಲಿ ನೋಡಲು ಚೆನ್ನಾಗೇ ಇರುವ ಮೊಲ ಎಷ್ಟು ಬುಟ್ಟಿ ಹತ್ತಿ ಇಳಿಯಬಹುದು, ಲೆಕ್ಕ ಹಾಕಿ.

ಇನ್ನು ಈ ವೈರಸ್ಸಿನ ಜಿಗುಟುತನ. ಇದು ಕ್ಯಾಲಿಸಿವೈರಸ್ ಎಂಬ ಗುಂಪಿನದು. ಫ್ಲೂ ತರಹದ ವೈರಸ್ಸುಗಳಿಗೆ ಮೇಲೊಂದು ಕೊಬ್ಬಿನ ಪೊರೆ ಇರುತ್ತದೆ. ಸೋಪಿಗೆ, ಸ್ಯಾನಿಟೈಸರಿಗೆ ಆ ಪೊರೆ ಕರಗಿದರೆ ವೈರಸ್ಸು ಸತ್ತ ಹಾಗೆ. ಇದಕ್ಕೆ ಆ ಪೊರೆಯೇ ಇಲ್ಲ. ಬರಿಮೈ. ಕರಗಿಸಲು ಏನೂ ಇಲ್ಲದ್ದರಿಂದ ಸ್ಯಾನಿಟೈಸರ್ ಹಚ್ಚಿಕೊಂಡು ಕೈ ಉಜ್ಜಿದರೆ ದೊಡ್ಡ ಪ್ರಯೋಜನ ಇಲ್ಲ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದರೆ ಕೈಯಿಂದ ಜಾರಿ ಹೋಗುತ್ತದೆ, ಅಷ್ಟೇ. ಸಾಯುವುದಿಲ್ಲ. ಒಣ ಬಟ್ಟೆಯ ಮೇಲೆ, ಕೋಣೆಯ ಸಾಧಾರಣ ಬಿಸಿಯಲ್ಲಿ 105 ದಿನ ಜೀವ ಹಿಡಿದುಕೊಂಡದ್ದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಅಂದರೆ ಮೂರೂವರೆ ತಿಂಗಳು. 50 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಟ್ಟರೂ ಜಗ್ಗುವುದಿಲ್ಲ. ಫ್ರೀಜರಿನಲ್ಲಿ ಇಟ್ಟರಂತೂ ಅದಕ್ಕೆ ಹಾಯಾಗಿರುತ್ತದೆ. 1988ರಲ್ಲಿ ಮೆಕ್ಸಿಕೋ ದೇಶಕ್ಕೆ ಈ ಕಾಯಿಲೆ ಬಂದದ್ದು ಹಡಗಿನಲ್ಲಿ ಬಂದ, ಮಂಜುಗಡ್ಡೆಯಂತೆ ಗಟ್ಟಿಯಾಗಿದ್ದ ಮೊಲದ ಮಾಂಸದ ಜೊತೆ. ಜೀವಂತ ಮೊಲವೇ ಬರಬೇಕು ಅಂತೇನಿಲ್ಲ.

ಎರಡು ಕತೆ ಹೇಳುತ್ತೇನೆ, ಎರಡೂ ನಡೆದದ್ದೇ. ಆಸ್ಟ್ರೇಲಿಯಾದಲ್ಲಿ ಕಾಡುಮೊಲಗಳ ಕಾಟ ನಿಮಗೆ ಗೊತ್ತು. ಹೊರಗಿನಿಂದ ತಂದು ಬಿಟ್ಟ ಮೊಲಗಳು ಕೋಟಿಗಟ್ಟಲೆ ಆಗಿ ಹೊಲ, ಹುಲ್ಲುಗಾವಲು ಬೋಳು ಮಾಡಿದವು. ಈ ವೈರಸ್ಸಿನಿಂದ ಅವನ್ನು ಹತೋಟಿಗೆ ತರಬಹುದೇ ಅಂತ ವಾರ್ಡಾಂಗ್ ಎಂಬ ದ್ವೀಪದಲ್ಲಿ, ಬೇಲಿ, ಕಾವಲು ಎಲ್ಲ ಹಾಕಿ ಪ್ರಯೋಗ ಮಾಡುತ್ತಿದ್ದರು. ಸುತ್ತ ಸಮುದ್ರ. 1995ರ ಅಕ್ಟೋಬರಿನಲ್ಲಿ ವೈರಸ್ಸು ಸಮುದ್ರ ದಾಟಿ ಮುಖ್ಯ ನೆಲಕ್ಕೆ ಬಂದುಬಿಟ್ಟಿತು. ನೊಣಗಳೇ ಹೊತ್ತು ತಂದವು ಅನ್ನುವುದು ಬಲವಾದ ಅನುಮಾನ. ಸತ್ತ ಮೊಲದ ಮೇಲೆ ಕೂತ ನೊಣದ ಮೈಯಲ್ಲಿ, ಅದು ಕಕ್ಕಿದ್ದರಲ್ಲಿ, ಅದರ ಹಿಕ್ಕೆಯಲ್ಲಿ ವೈರಸ್ಸು ಇರುತ್ತದೆ. ನೊಣ ಹುಲ್ಲಿನ ಮೇಲೆ ಕೂತು ಒಂದು ಚುಕ್ಕೆ ಬಿಟ್ಟು ಹೋದರೆ ಆಯಿತು.

ಎರಡನೆಯದು ಪಕ್ಕದ ನ್ಯೂಜಿಲೆಂಡಿನದು. ಅಲ್ಲಿನ ರೈತರು ನಮಗೂ ಆ ವೈರಸ್ಸು ಬೇಕು ಅಂತ ಕೇಳಿದರು. 1997ರ ಜುಲೈನಲ್ಲಿ ಸರ್ಕಾರ ಬೇಡ ಅಂದಿತು. ಆಗಸ್ಟಿನಲ್ಲಿ ಕಾಯಿಲೆ ಅಲ್ಲಿ ಕಾಣಿಸಿಕೊಂಡಿತು. ಯಾರೋ ಕದ್ದು ತಂದಿದ್ದರು. ಆಮೇಲೆ ಕೆಲವು ರೈತರು ಸತ್ತ ಮೊಲದ ಲಿವರನ್ನು ಅಡುಗೆಮನೆಯ ಮಿಕ್ಸಿಯಲ್ಲಿ ರುಬ್ಬಿ, ಕ್ಯಾರೆಟ್ಟು, ಓಟ್ಸಿಗೆ ಬೆರೆಸಿ ಹೊಲದಲ್ಲಿ ಎರಚಿದರು. ಅವರ ಕಷ್ಟ ಅವರಿಗೆ, ನಾನು ತೀರ್ಪು ಕೊಡಲು ಹೋಗುವುದಿಲ್ಲ. ಒಂದು ಮಿಕ್ಸಿ ಸಾಕಾಯಿತು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ನಮ್ಮ ಮನೆಯ ಬ್ರಷ್ಷು, ನೀರಿನ ಬಟ್ಟಲು, ಚಪ್ಪಲಿ, ಆ ಬುಟ್ಟಿ, ಎಲ್ಲವೂ ಸಣ್ಣ ಸಣ್ಣ ಮಿಕ್ಸಿಗಳೇ.

ಚಪ್ಪಲಿ ಅಂದೆ. ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊಲಗಳು ಸಾಯುತ್ತಿದ್ದ ಒಂದು ಮನೆಗೆ ಹೋಗಿದ್ದೆ. ಕೋಟು ಬಿಚ್ಚಿ ಚೀಲಕ್ಕೆ ಹಾಕಿದೆ, ಕೈ ತೊಳೆದೆ, ದೊಡ್ಡ ಜಾಣನ ಹಾಗೆ ಇನ್ನೊಂದು ಮೊಲದ ಮನೆಗೆ ಹೋದೆ. ಅಲ್ಲಿ ಬಾಗಿಲಲ್ಲಿ ಆ ಮನೆಯ ಹುಡುಗಿ ಕೇಳಿದಳು: "ಡಾಕ್ಟ್ರೇ, ನಿಮ್ಮ ಶೂ ಇದೇನಾ ಅಲ್ಲಿಗೂ ಹಾಕ್ಕೊಂಡು ಹೋಗಿದ್ದು?" ಇದೇ. ಹೊರಗಿನಿಂದಲೇ ವಾಪಸು ಬಂದೆ. ಅವಳು ಕೇಳದಿದ್ದರೆ ಒಳಗೆ ಹೋಗುತ್ತಿದ್ದೆ. ಹತ್ತು ವರ್ಷದ ಹುಡುಗಿ.

ಈಗ ಮೊದಲ ದಿನಕ್ಕೆ ಬರೋಣ. ಸತ್ತ ಮೊಲದ ಮುಂದೆ ನಿಂತಿದ್ದೀರಿ. ಮೊದಲು ಗೂಡಿನ ಬಾಗಿಲು ಹಾಕಿ. ಯಾವ ಮೊಲ ಎಲ್ಲಿದೆಯೋ ಅಲ್ಲೇ ಇರಲಿ. ಕೈ ತೊಳೆದು ಪಶುವೈದ್ಯರಿಗೆ ಫೋನು ಮಾಡಿ. ಫೋನು ಅಂದೆ, ಹೊತ್ತುಕೊಂಡು ಹೋಗಿ ಅನ್ನಲಿಲ್ಲ. ಅವರ ಕ್ಲಿನಿಕ್ಕಿನ ಬೆಂಚಿನಲ್ಲಿ ಇನ್ನೊಬ್ಬರು ಉಗುರು ಕತ್ತರಿಸಲು ಮೊಲ ತಂದು ಕೂತಿರುತ್ತಾರೆ. ತನ್ನಿ ಅಂದರೆ ಯಾವ ಬಾಗಿಲಿನಿಂದ, ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಹೋಗಿ.

ದೇಹವನ್ನು ಎಸೆಯಬೇಡಿ, ಅವಸರದಲ್ಲಿ ಹೂಳಲೂ ಬೇಡಿ. ಇದು ಆರ್‌ಎಚ್‌ಡಿ ಹೌದೋ ಅಲ್ಲವೋ ಹೇಳುವುದು ಆ ದೇಹದೊಳಗಿನ ಲಿವರು. ಎರಡು ಪ್ಲಾಸ್ಟಿಕ್ ಚೀಲ, ಒಂದರೊಳಗೆ ಒಂದು. ಹೊರಗಿನ ಚೀಲವನ್ನು ಬ್ಲೀಚ್ ನೀರಿನಲ್ಲಿ ಒರೆಸಿ, ಐಸು ತುಂಬಿದ ಡಬ್ಬಿಯಲ್ಲಿ ಇಡಿ. ಅನ್ನ, ಹಾಲು ಇಡುವ ಫ್ರಿಜ್ಜು ಬೇಡ. ಫ್ರೀಜರಿನಲ್ಲಿ ಇಡುವುದಕ್ಕೆ ಮುಂಚೆ ವೈದ್ಯರನ್ನು ಕೇಳಿ. ಮಂಜುಗಡ್ಡೆಯಂತೆ ಗಟ್ಟಿಯಾದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಲಿವರು ಕೆಟ್ಟುಹೋಗುತ್ತದೆ. ಪ್ರಯೋಗಾಲಯದಲ್ಲಿ ಈಗ ಪಿಸಿಆರ್, ಅಂದರೆ ವೈರಸ್ಸಿನ ಜೀನುಗಳನ್ನು ಹುಡುಕುವ ಪರೀಕ್ಷೆ ಮಾಡುತ್ತಾರೆ. ಮೊದಮೊದಲು ಇದಕ್ಕೆ ಬೇಕಾಗುತ್ತಿದ್ದದ್ದು ಮನುಷ್ಯರ ಓ ಗುಂಪಿನ ರಕ್ತ. ಲಿವರಿನ ರಸದಲ್ಲಿ ಈ ವೈರಸ್ಸು ಇದ್ದರೆ ಓ ಗುಂಪಿನ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊಲದ ಕಾಯಿಲೆ ಹಿಡಿಯಲು ಮನುಷ್ಯರ ರಕ್ತ! ನನಗೆ ಈಗಲೂ ಇದೊಂದು ಸೋಜಿಗ.

ಪರೀಕ್ಷೆ ಯಾಕೆ ಬೇಕು ಅಂದರೆ, ಈ ಹಂತದಲ್ಲಿ ಎಲ್ಲರೂ ತಮ್ಮದೇ ಕಾರಣ ಹುಡುಕಿಕೊಂಡಿರುತ್ತಾರೆ. ಒಬ್ಬರು ಸೆಕೆ ಅನ್ನುತ್ತಾರೆ. ಇನ್ನೊಬ್ಬರು ಪಕ್ಕದವರು ವಿಷ ಹಾಕಿದರು ಅನ್ನುತ್ತಾರೆ. ಮತ್ತೊಬ್ಬರು ನಾಯಿ ಕಂಡು ಹೆದರಿ ಸತ್ತಿತು ಅನ್ನುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಸುಮ್ನೆ ಗಾದೆ ಮಾಡಿಲ್ಲ. ಸೆಕೆಯಿಂದಲೂ ಮೊಲ ಸಾಯುತ್ತದೆ, ಸುಳ್ಳಲ್ಲ. ಆದರೆ ಲಿವರು ನೋಡುವವರೆಗೆ ಇದನ್ನು ಆರ್‌ಎಚ್‌ಡಿ ಅಂತಲೇ ಇಟ್ಟುಕೊಂಡು ನಡೆಯಿರಿ. ಅದು ಸೆಕೆಯೇ ಆಗಿದ್ದರೆ ಒಂದು ವಾರ ಸುಮ್ನೆ ಕಷ್ಟಪಟ್ಟಿರಿ, ಅಷ್ಟೇ ನಷ್ಟ.

ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈ ರೋಗ ಇದೆ. ಅನುಮಾನ ಬಂದರೂ ಅಧಿಕಾರಿಗಳಿಗೆ ತಿಳಿಸಲೇಬೇಕು ಅಂತ ಹಲವು ದೇಶಗಳಲ್ಲಿ ಕಾನೂನಿದೆ. ಜನ ಇದಕ್ಕೆ ಹೆದರುತ್ತಾರೆ. ಬಂದು ಎಲ್ಲವನ್ನೂ ಕೊಂದುಬಿಡುತ್ತಾರೇನೋ ಅಂತ. ಈ ಹೆದರಿಕೆ ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಮೆಕ್ಸಿಕೋ ದೇಶ ಲಸಿಕೆ ಇಲ್ಲದೆ, ಸೋಂಕಿನ ಜಾಗಗಳ ಮೊಲಗಳನ್ನು ಕೊಂದೇ ಕೆಲವು ವರ್ಷದಲ್ಲಿ ಆ ರೋಗವನ್ನು ಅಳಿಸಿ ಹಾಕಿತು. ಕಾಡಿನಲ್ಲಿ ಆಗಲೇ ಬೇರು ಬಿಟ್ಟಿರುವ ಕಡೆ ಹಾಗೆ ಕೊಲ್ಲುವುದರಿಂದ ಹೆಚ್ಚೇನೂ ಸಿಗುವುದಿಲ್ಲ. 2020ರಲ್ಲಿ ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಎರಡನೇ ಬಗೆ ಬಂದಾಗ ಸತ್ತದ್ದು ಸಾಕುಮೊಲಗಳಷ್ಟೇ ಅಲ್ಲ. ಅಲ್ಲಿನ ಕಾಟನ್‌ಟೇಲ್, ಜ್ಯಾಕ್‌ರ‍್ಯಾಬಿಟ್ ಎಂಬ ಕಾಡಿನ ಮೊಲಗಳಿಗೂ ಹತ್ತಿತು. ಅಲ್ಲಿಗೆ ಮಾತು ಲಸಿಕೆಯ ಕಡೆ ತಿರುಗಿತು. ಏನೇ ಇರಲಿ, ಮುಚ್ಚಿಟ್ಟವರ ಮನೆಯಿಂದ ಹರಡಿದ ರೋಗವನ್ನು ಹುಡುಕುವುದು ಕತ್ತಲಲ್ಲಿ ತಡಕಾಡಿದ ಹಾಗೆ. ನಿಮ್ಮ ಮನೆಗೆ ಕಳೆದ ಎರಡು ವಾರದಲ್ಲಿ ಬಂದ ಮೊಲ, ಹೋದ ಮೊಲ, ಬಂದ ಜನ, ಹುಲ್ಲು ತಂದ ಜಾಗ, ಎಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಆ ಹಾಳೆ ಔಷಧಿಗಿಂತ ದೊಡ್ಡದು.

ಔಷಧಿ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ನೀರು, ನೋವಿನ ಔಷಧಿ, ಬೆಚ್ಚಗಿನ ಜಾಗ, ಇಷ್ಟು ಕೊಡಬಹುದು. ಒದ್ದಾಡುತ್ತಿರುವ ಮೊಲಕ್ಕೆ ನೋವಿಲ್ಲದ ಸಾವು ಕೊಡಿಸುವುದು ಕೂಡ ಆರೈಕೆಯೇ.

ಉಳಿದವುಗಳನ್ನು ನೋಡಿಕೊಳ್ಳುವುದು ಹೇಗೆ? ದಿನವೂ ಗಟ್ಟಿಮುಟ್ಟಾಗಿರುವವಕ್ಕೆ ಮೊದಲು ಹುಲ್ಲು ಹಾಕಿ, ಅನುಮಾನ ಇರುವವಕ್ಕೆ ಕೊನೆಗೆ. ಹಿಂದುಮುಂದು ಮಾಡಬೇಡಿ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ. ಗೂಡಿನ ಹತ್ತಿರಕ್ಕೆ ಬೇರೆ ಚಪ್ಪಲಿ, ಬೇರೆ ಬಟ್ಟೆ. ಹೊರಗಿನಿಂದ ಕಿತ್ತು ತಂದ ಹಸಿ ಹುಲ್ಲು ನಿಲ್ಲಿಸಿ. ನೊಣದ ಪರದೆ ಕಟ್ಟಿ. ಮೊಲಗಳ ಮೇಳ, ಮರಿಗಳ ಮಾರಾಟ, ಗಂಡು-ಹೆಣ್ಣು ಕೂಡಿಸಲು ಒಯ್ಯುವುದು ಎಲ್ಲಕ್ಕೂ ರಜೆ. ಮೊಲಗಳ ಆಶ್ರಯತಾಣ ನಡೆಸುವವರು ಹೊಸ ಮೊಲ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಗುತ್ತದೆ. ಬಾಗಿಲಿಗೆ ಬಂದ ಜೀವಕ್ಕೆ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಅನ್ನಬೇಕು.

ತೊಳೆಯುವ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಇಲ್ಲೇ ಜಾಸ್ತಿ ತಪ್ಪಾಗುವುದು. ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು. ದಿನದಿನಕ್ಕೆ ಹೊಸದಾಗಿ ಕಲಸಿ. ಹಿಕ್ಕೆ, ಹುಲ್ಲು, ಕೂದಲು ಅಂಟಿದ ನೆಲಕ್ಕೆ ಸುರಿದರೆ ಬ್ಲೀಚು ಆ ಕೊಳೆಯ ಜೊತೆಯೇ ಜಗಳವಾಡಿ ಸುಸ್ತಾಗುತ್ತದೆ, ವೈರಸ್ಸಿನ ತನಕ ಹೋಗುವುದಿಲ್ಲ. ಮೊದಲು ಸೋಪು ಹಾಕಿ ತಿಕ್ಕಿ ತೊಳೆಯಿರಿ. ಆಮೇಲೆ ಬ್ಲೀಚ್ ಹಾಕಿ, ಹತ್ತು ನಿಮಿಷ ಒದ್ದೆಯಾಗೇ ಇರಬೇಕು. ಹಾಕಿದ ಕೂಡಲೇ ಒರೆಸುವವರೇ ಎಲ್ಲ! ಇನ್ನೊಂದು ಎಚ್ಚರಿಕೆ. ಮೊಲದ ಉಚ್ಚೆ ಬಿದ್ದ ಕಡೆ ಬಿಳಿ ಸುಣ್ಣದಂಥ ಪದರ ಕಟ್ಟುತ್ತದಲ್ಲ, ಅದನ್ನು ಬಿಡಿಸಲು ನಾವು ವಿನೆಗರ್ ಹಾಕುತ್ತೇವೆ. ವಿನೆಗರಿನ ಮೇಲೆ ಬ್ಲೀಚ್ ಬಿದ್ದರೆ ವಿಷದ ಗಾಳಿ ಏಳುತ್ತದೆ. ಉಚ್ಚೆಯ ಅಮೋನಿಯಾದ ಮೇಲೆ ಬಿದ್ದರೂ ಅಷ್ಟೇ. ಎರಡರ ನಡುವೆ ನೀರು ಹಾಕಿ ಚೆನ್ನಾಗಿ ತೊಳೆದಿರಬೇಕು, ಕಿಟಕಿ ತೆಗೆದಿರಬೇಕು. ಮರದ ಗೂಡು, ಕಾರ್ಪೆಟ್ಟು, ರಟ್ಟಿನ ಪೆಟ್ಟಿಗೆಗಳ ಆಸೆ ಬಿಡಿ. ಮರ ಕುಡಿದದ್ದನ್ನು ಹೊರಗೆ ತೆಗೆಯಲು ಆಗುವುದಿಲ್ಲ. ಸುಟ್ಟುಬಿಡಿ. ಬುಟ್ಟಿಯನ್ನೂ ಸೇರಿಸಿ.

ಬದುಕಿ ಉಳಿದ ಮೊಲ ಇದೆಯಲ್ಲ, ಅದು ಚುರುಕಾದ ಮೇಲೂ ಕನಿಷ್ಠ 42 ದಿನ ವೈರಸ್ಸನ್ನು ಹೊರಗೆ ಬಿಡುತ್ತಿರಬಹುದು, ಅದಕ್ಕೂ ಜಾಸ್ತಿ ದಿನ ಆಗಬಹುದು. ಗೆದ್ದು ಬಂದಿತು ಅಂತ ಮುದ್ದು ಮಾಡಿ ಬೇರೆ ಮೊಲದ ಜೊತೆ ಬಿಟ್ಟರೆ ಮತ್ತೆ ಮೊದಲಿನಿಂದ ಶುರು.

ಲಸಿಕೆಯ ಮಾತು ಈಗ. ಈ ವೈರಸ್ಸಿಗೆ ಒಂದು ಹಟ ಇದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಬೆಳೆಸಿದ ಕೋಶಗಳಲ್ಲಿ ಅದು ಸಲೀಸಾಗಿ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಮೊಲವೇ ಬೇಕು. ಹಾಗಾಗಿ ಲಸಿಕೆ ಮಾಡಲು ಒಂದಷ್ಟು ಮೊಲಗಳಿಗೆ ರೋಗ ಹತ್ತಿಸಿ, ಅವುಗಳ ಲಿವರಿನಿಂದ ವೈರಸ್ಸು ತೆಗೆದು, ಅದನ್ನು ಕೊಂದು ಸೂಜಿಮದ್ದು ಮಾಡುತ್ತಿದ್ದರು. ಮೊಲವನ್ನು ಮುದ್ದಿನಿಂದ ಸಾಕುವವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ವಿಷಯ. ನನಗೂ ಸಿಕ್ಕಿಕೊಂಡಿದೆ. ಈಗ ವೈರಸ್ಸಿನ ಹೊರಕವಚದ ಒಂದೇ ಪ್ರೋಟೀನನ್ನು ಕೀಟದ ಕೋಶಗಳಲ್ಲಿ ತಯಾರಿಸಿ ಮಾಡುವ ಲಸಿಕೆಗಳೂ ಬಂದಿವೆ. ನಿಮ್ಮ ವೈದ್ಯರ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ಇದು ಎರಡನೇ ಬಗೆಗೂ ಆಗುತ್ತದಾ? ಹಳೆಯ ಲಸಿಕೆ ಹೊಸ ಬಗೆಯನ್ನು ಸರಿಯಾಗಿ ತಡೆಯುವುದಿಲ್ಲ. ಕೆಲವು ಲಸಿಕೆಗೆ ಒಂದೇ ಸಲ ಸಾಕು, ಒಂದು ವಾರದಲ್ಲಿ ಕಾವಲು ಏಳುತ್ತದೆ. ಕೆಲವಕ್ಕೆ ಮೂರು ವಾರ ಬಿಟ್ಟು ಇನ್ನೊಂದು ಹಾಕಬೇಕು. ಒಳಗೆ ಆಗಲೇ ಸೋಂಕು ಕುಳಿತಿರುವ ಮೊಲಕ್ಕೆ ಇವತ್ತು ಲಸಿಕೆ ಹಾಕಿದರೆ ನಾಳೆ ಉಳಿಯುತ್ತದೆ ಅನ್ನಲಾಗದು. ಸಾಲಾಗಿ ಹತ್ತು ಮೊಲಕ್ಕೆ ಹಾಕಿಸುವಾಗ ಪ್ರತಿಯೊಂದಕ್ಕೂ ಹೊಸ ಸೂಜಿ ಇದೆಯೇ ಅಂತ ನಿಂತು ನೋಡಿ. ಡಾಕ್ಟರಿಗೆ ಬೇಜಾರಾದರೆ ಆಗಲಿ.

ಪ್ರಶ್ನೆಗಳಿಗೆ ಬರೋಣ.

ಇದು ನಮಗೆ ಬರುತ್ತದಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಬರುವುದಿಲ್ಲ. ನಾಯಿ, ಬೆಕ್ಕಿಗೂ ಬರುವುದಿಲ್ಲ. ಆದರೆ ನಾಯಿ ಸತ್ತ ಮೊಲವನ್ನು ತಿಂದರೆ ಅದರ ಸಗಣಿಯಲ್ಲಿ ವೈರಸ್ಸು ಜೀವಂತವಾಗೇ ಹೊರಬರಬಹುದು. ಪರೀಕ್ಷೆಗೆ ಕೊಟ್ಟ ಮೇಲೆ ಉಳಿದ ದೇಹಗಳನ್ನು ಸುಡಬೇಕು, ಇಲ್ಲವೇ ನಾಯಿ ಕೆರೆದು ತೆಗೆಯಲಾಗದಷ್ಟು ಆಳಕ್ಕೆ ಹೂಳಬೇಕು ಅನ್ನುವುದು ಅದಕ್ಕೇ.

ಮನೆಯಿಂದ ಆಚೆಗೇ ಬಿಡದ ಮೊಲಕ್ಕೂ ಲಸಿಕೆ ಬೇಕಾ? ಮೊಲ ಆಚೆ ಹೋಗುವುದಿಲ್ಲ ಸರಿ. ನೀವು ಹೋಗುತ್ತೀರಲ್ಲಮ್ಮಾ.

ಮತ್ತೆ ಮೊಲ ತರುವುದು ಯಾವಾಗ? ಕೊನೆಯ ಸಾವಾಗಿ, ಎಲ್ಲ ತೊಳೆದು, ಸುಡುವುದನ್ನು ಸುಟ್ಟು, ಅಲ್ಲಿಂದ ನಾಲ್ಕು ತಿಂಗಳು ಗೂಡು ಖಾಲಿ ಇರಲಿ ಅನ್ನುತ್ತೇನೆ. ಬಟ್ಟೆಯ ಮೇಲಿನ ಆ 105 ದಿನ ನೆನಪಿದೆಯಲ್ಲ, ಅದರ ಮೇಲೆ ಒಂದಿಷ್ಟು. ಬರುವ ಮೊಲಕ್ಕೆ ಮೊದಲೇ ಲಸಿಕೆ ಆಗಿರಲಿ. ಬಂದ ಮೇಲೂ 30 ದಿನ ಬೇರೆ ಕೋಣೆ. ಮೆಕ್ಸಿಕೋದಲ್ಲಿ ಖಾಲಿ ಮಾಡಿದ ಜಾಗಗಳಿಗೆ ಮೊದಲು ಒಂದೆರಡು ಕಾವಲು ಮೊಲಗಳನ್ನು ಬಿಟ್ಟು, ಅವು ಉಳಿದರೆ ಮಾತ್ರ ಉಳಿದವನ್ನು ತರಲು ಬಿಟ್ಟಿದ್ದರು. ನಿಮ್ಮ ಮನೆಯಲ್ಲಿ ಹಾಗೆ ಮಾಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕೊನೆಗೆ ಒಬ್ಬ ಹಿರಿಯರು ಎದ್ದು ನಿಂತು, "ನಾನು ಬುಟ್ಟಿ ಹೊತ್ತವನೇ, ತಮ್ಮನ ಮನೆಗೆ ಒಯ್ದಿದ್ದೆ" ಅಂದರು. ಮುಂದೆ ಏನೂ ಕೇಳಲಿಲ್ಲ, ನಿಂತೇ ಇದ್ದರು. ನಾನು ಕೇಳಿದೆ, ತಮ್ಮನವರಿಗೆ ಹೇಳಿದ್ದೀರಾ? ಇಲ್ಲ ಅಂದರು. ಇವತ್ತೇ ಫೋನು ಮಾಡಿ, ಅಲ್ಲಿರುವ ಮೊಲಗಳಲ್ಲಿ ಒಂದೂ ಆಚೆ ಹೋಗದಿರಲಿ ಅಂದೆ. ಅವರು ಮೊಬೈಲು ತೆಗೆದುಕೊಂಡು ವರಾಂಡಕ್ಕೆ ಹೋದರು.

ಬಾಗಿಲ ಬಳಿ ಒಂದು ಟ್ರೇ ಇದೆ, ಅದರಲ್ಲಿ ಸೋಂಕುನಾಶಕದ ನೀರಿದೆ. ಮೊದಲು ಪಕ್ಕದ ಬ್ರಷ್ಷಿನಿಂದ ಚಪ್ಪಲಿಯ ಮಣ್ಣು ತಿಕ್ಕಿ, ಆಮೇಲೆ ಟ್ರೇಯಲ್ಲಿ ಇಡಿ. ಹತ್ತು ನಿಮಿಷ ಆಗಲೇಬೇಕು. ಉಳಿದ ಪ್ರಶ್ನೆಗಳನ್ನು ಅಲ್ಲೇ ಬರಿಗಾಲಲ್ಲಿ ನಿಂತು ಕೇಳಿ, ನಾನೂ ನಿಂತಿರುತ್ತೇನೆ.